ಎಣ್ಣೆಯಲ್ಲಿ ಗ್ರಾಫೀನ್ ಪುಡಿ: 200 ಲೀಟರ್ ಟ್ಯಾಂಕಿನ ಒಂದು ಪ್ರಕರಣ

ಪ್ರಕರಣ ಹೀಗಿದೆ. ಒಂದು ಹೈಡ್ರಾಲಿಕ್ ಪ್ರೆಸ್. ಟ್ಯಾಂಕಿನಲ್ಲಿ 200 ಲೀಟರ್ ಐಎಸ್‌ಒ ವಿಜಿ 68 ಸ್ನಿಗ್ಧತೆ ದರ್ಜೆಯ ಆಂಟಿವೇರ್ ಎಣ್ಣೆ. ಸವೆತ ತಡೆಯಲು ಅದರಲ್ಲಿ ಮೊದಲೇ ಬೆರೆಸಿರುವುದು ಜಿಂಕ್ ಡೈಆಲ್ಕೈಲ್ ಡೈಥಯೊಫಾಸ್ಫೇಟ್, ಬಳಕೆಯ ಹೆಸರಲ್ಲಿ ಜೆಡ್‌ಡಿಡಿಪಿ. ಪಂಪು ಆಕ್ಸಿಯಲ್ ಪಿಸ್ಟನ್ ಮಾದರಿಯದು, ರಿಟರ್ನ್ ಲೈನಿನಲ್ಲಿ 10 ಮೈಕ್ರಾನ್ ಫಿಲ್ಟರ್. ಪಂಪಿನ ಸವೆತ ಇನ್ನಷ್ಟು ತಗ್ಗಲಿ ಎಂದು ತೂಕದಲ್ಲಿ ಶೇ. 0.05ರಷ್ಟು ಗ್ರಾಫೀನ್ ನ್ಯಾನೊಹಾಳೆಗಳ, ಅಂದರೆ ಇಂಗಾಲದ ಅತಿ ತೆಳು ಹಾಳೆಗಳ ಪುಡಿ ಸೇರಿಸುವ ಆಲೋಚನೆ. ಪುಡಿಯನ್ನಷ್ಟೇ ಸುರಿದರೆ ಗಂಟುಕಟ್ಟಿ ತಳ ಸೇರುತ್ತದೆ, ಆದ್ದರಿಂದ ಜೊತೆಗೊಂದು ಸರ್ಫ್ಯಾಕ್ಟಂಟ್, ಅಂದರೆ ಒಂದು ತುದಿ ಕಣಕ್ಕೂ ಇನ್ನೊಂದು ತುದಿ ಎಣ್ಣೆಗೂ ಒಗ್ಗುವ ಅಣುಗಳ ವಸ್ತು, ಬೇಕು. ಯಾವುದು, ಎಷ್ಟು, ಅದರಿಂದ ಎಣ್ಣೆಯ ಉಳಿದ ಗುಣಗಳಿಗೆ ಏನಾಗುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ಉತ್ತರವನ್ನು ಮೊದಲೇ ಹೇಳಿಬಿಡಬಹುದು: ಪುಡಿಯನ್ನು ಎಣ್ಣೆಯಲ್ಲಿ ಹಿಡಿದಿಡಬಲ್ಲ ಸರ್ಫ್ಯಾಕ್ಟಂಟ್ ಉಂಟು, ಆದರೆ ಅದನ್ನು ಹಾಕಿದ ಮೇಲೆ ಈ ಟ್ಯಾಂಕಿನ ಎಣ್ಣೆ ಹೈಡ್ರಾಲಿಕ್ ಎಣ್ಣೆಯಾಗಿ ಮಾಡಬೇಕಾದ ಬೇರೆ ಕೆಲಸಗಳನ್ನು ಬಿಟ್ಟುಕೊಡುತ್ತದೆ.

ಮೊದಲು ಅಳತೆ. 200 ಲೀಟರ್ ಎಣ್ಣೆಯ ತೂಕ ಸುಮಾರು 174 ಕಿಲೊ. ಅದರ ಶೇ. 0.05 ಎಂದರೆ 87 ಗ್ರಾಂ ಪುಡಿ. ಗ್ರಾಂಗೆ 300 ಚದರ ಮೀಟರ್ ಮೇಲ್ಮೈ ಇರುವ ದರ್ಜೆಯನ್ನು ತೆಗೆದುಕೊಂಡರೆ ಒಟ್ಟು 26,100 ಚದರ ಮೀಟರ್, ಅಂದರೆ ಆರೂವರೆ ಎಕರೆಗೆ ಹತ್ತಿರ. ಟ್ಯಾಂಕು, ಪೈಪು, ಸಿಲಿಂಡರು ಎಲ್ಲದರ ಒಳಗೋಡೆ ಸೇರಿಸಿದರೂ ಇದರ ಮುಂದೆ ಲೆಕ್ಕಕ್ಕಿಲ್ಲ. ಎಣ್ಣೆಯಲ್ಲಿ ಮೇಲ್ಮೈ ಹುಡುಕಿಕೊಂಡು ಹೋಗುವ ಯಾವ ಅಣುವೇ ಇರಲಿ, ಇನ್ನು ಮುಂದೆ ಅದಕ್ಕೆ ಎದುರಾಗುವುದು ಹೆಚ್ಚಾಗಿ ಇಂಗಾಲವೇ. ಇದನ್ನು ನೆನಪಿನಲ್ಲಿಡಬೇಕು, ಜೆಡ್‌ಡಿಡಿಪಿಯ ಮಾತು ಬಂದಾಗ ಬೇಕಾಗುತ್ತದೆ.

ಸರ್ಫ್ಯಾಕ್ಟಂಟ್ ಇಲ್ಲದೆ ಏನಾಗುತ್ತದೆ? ಅಲ್ಟ್ರಾಸೋನಿಕ್ ಪ್ರೋಬ್ ಇಳಿಸಿ ಪುಡಿಯನ್ನು ಚೆನ್ನಾಗಿ ಬಿಡಿಸಿದೆವು, ಕಣಗಳು ಸರಾಸರಿ 100 ನ್ಯಾನೊಮೀಟರ್ ಅಳತೆಯಲ್ಲಿವೆ ಎಂದುಕೊಳ್ಳೋಣ. ಶೇ. 0.05ರಲ್ಲಿ ಘನ ಮೀಟರಿಗೆ ಸುಮಾರು 3.8×10¹⁷ ಕಣ. ಸ್ಮೊಲುಚೊವ್ಸ್ಕಿ ಸೂತ್ರದಂತೆ, ಡಿಕ್ಕಿ ಹೊಡೆದವೆಲ್ಲ ಅಂಟಿಕೊಳ್ಳುತ್ತವೆ ಎಂದಿಟ್ಟುಕೊಂಡರೆ, ಕಣಗಳ ಸಂಖ್ಯೆ ಅರ್ಧಕ್ಕಿಳಿಯಲು 40 ಡಿಗ್ರಿಯಲ್ಲಿ ಸುಮಾರು 26 ಸೆಕೆಂಡ್ ಸಾಕು. 70 ಡಿಗ್ರಿಯಲ್ಲಿ ಎಣ್ಣೆ ತೆಳುವಾಗುವುದರಿಂದ 7 ಸೆಕೆಂಡ್. ಹೀಗೆ ಕೂಡುವ ಗಂಟುಗಳು ಗಟ್ಟಿ ಉಂಡೆಗಳಲ್ಲ, ಟೊಳ್ಳಾದ ಕವಲುಗಳು. ಹಾಗಾಗಿ 5 ಮೈಕ್ರಾನ್ ಅಗಲದ ಗಂಟಿಗೆ ಸಾವಿರದ ಆಸುಪಾಸಿನ ಕಣಗಳಷ್ಟೇ ಬೇಕು, ಅದಕ್ಕೆ 40 ಡಿಗ್ರಿಯಲ್ಲಿ ಎಂಟೊಂಬತ್ತು ತಾಸು. ಸಂಜೆ ಬೆರೆಸಿಟ್ಟ ಎಣ್ಣೆ ಬೆಳಿಗ್ಗೆ ಫಿಲ್ಟರಿಗೆ ಹೋಗುವಾಗ ಬೇರೆಯೇ ಎಣ್ಣೆಯಾಗಿರುತ್ತದೆ.

ಬಹಳ ಜನ ಗಮನಿಸುವುದು ತಳದಲ್ಲಿ ಕೂತ ಗಸಿಯನ್ನು ಮಾತ್ರ. ಸ್ಟೋಕ್ಸ್ ಸೂತ್ರ ಹಾಕಿ ನೋಡಿದರೆ 100 ನ್ಯಾನೊಮೀಟರ್ ಕಣ ಈ ಎಣ್ಣೆಯಲ್ಲಿ 40 ಡಿಗ್ರಿಗೆ ಇಳಿಯುವುದು ವರ್ಷಕ್ಕೆ 4 ಮಿಲಿಮೀಟರ್. 1 ಮೈಕ್ರಾನಿನ ಗಟ್ಟಿ ಕಣ ದಿನಕ್ಕೆ 1 ಮಿಲಿಮೀಟರ್. 5 ಮೈಕ್ರಾನಿನ ಗಟ್ಟಿ ಉಂಡೆ ದಿನಕ್ಕೆ 27 ಮಿಲಿಮೀಟರ್. ಟೊಳ್ಳು ಗಂಟುಗಳು ಇದಕ್ಕಿಂತ ಬಹಳ ನಿಧಾನ, ಏಕೆಂದರೆ ಅವುಗಳ ಹೊಟ್ಟೆಯ ತುಂಬ ಎಣ್ಣೆಯೇ. ಅಂದರೆ ಶೀಸೆಯ ತಳ ಚೊಕ್ಕಟವಾಗಿ ಕಂಡರೂ ಒಳಗೆ ಗಂಟು ಬೆಳೆದಿರಬಹುದು. ಕಣ ಬಿಡಿಯಾಗಿದ್ದರೆ ಅದು ಇಳಿಯುವ ಚಿಂತೆಯೇ ಇಲ್ಲ. ಸರ್ಫ್ಯಾಕ್ಟಂಟಿನ ಕೆಲಸ ಕಣವನ್ನು ಮೇಲೆತ್ತಿ ಹಿಡಿಯುವುದಲ್ಲ, ಎರಡು ಕಣಗಳು ಒಂದಕ್ಕೊಂದು ತೀರ ಹತ್ತಿರ ಬಾರದಂತೆ ತಡೆಯುವುದು.

ಇಲ್ಲೇ ಮೊದಲ ತಪ್ಪು ಆಯ್ಕೆ ನಡೆಯುವುದು. ನೀರಿನಲ್ಲಿ ಕಾರ್ಬನ್ ನ್ಯಾನೊಟ್ಯೂಬ್ ಬೆರೆಸುವವರು ಸೋಡಿಯಂ ಡೊಡೆಸಿಲ್ ಸಲ್ಫೇಟ್ ಅಥವಾ ಸಿಟ್ಯಾಬ್ (ಸಿಟೈಲ್ ಟ್ರೈಮಿಥೈಲ್ ಅಮೋನಿಯಂ ಬ್ರೋಮೈಡ್) ಬಳಸುತ್ತಾರೆ, ಅಲ್ಲಿ ಅವು ಸೊಗಸಾಗಿ ದುಡಿಯುತ್ತವೆ. ಅದೇ ಡಬ್ಬಿಯನ್ನು ಎಣ್ಣೆಯ ಮೇಜಿಗೂ ತಂದರೆ ಕೆಲಸ ಕೆಡುತ್ತದೆ. ಅವು ದುಡಿಯುವುದು ವಿದ್ಯುದಾವೇಶದಿಂದ: ಮೊದಲನೆಯದರಲ್ಲಿ ಸೋಡಿಯಂ ಕಳಚಿಕೊಂಡು ಹೋಗಿ ಕಣದ ಮೇಲೆ ಋಣಾವೇಶ, ಸಿಟ್ಯಾಬಿನಲ್ಲಿ ಬ್ರೋಮೈಡ್ ಕಳಚಿಕೊಂಡು ಧನಾವೇಶ ಉಳಿದು, ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಆವೇಶಗಳ ನಡುವಿನ ಸೆಳೆತವನ್ನು ದ್ರವ ಎಷ್ಟು ತಗ್ಗಿಸುತ್ತದೆಂದು ಹೇಳುವ ಡೈಎಲೆಕ್ಟ್ರಿಕ್ ಸ್ಥಿರಾಂಕ ನೀರಿಗೆ 80ರ ಸುಮಾರು, ಖನಿಜ ಎಣ್ಣೆಯದು 2.2. ಎರಡು ಅಯಾನುಗಳು ಪರಸ್ಪರ ಬಿಡಿಸಿಕೊಳ್ಳಲು ನೀರಿನಲ್ಲಿ 0.7 ನ್ಯಾನೊಮೀಟರ್ ದೂರ ಸಾಕು, ಎಣ್ಣೆಯಲ್ಲಿ ಸುಮಾರು 25 ನ್ಯಾನೊಮೀಟರ್ ಬೇಕು. ಹಾಗಾಗಿ ಸೋಡಿಯಂ ಆಗಲಿ ಬ್ರೋಮೈಡ್ ಆಗಲಿ ಕಳಚಿಕೊಳ್ಳುವುದೇ ಇಲ್ಲ. ಆ ಬಿಳಿ ಪುಡಿ ಎಣ್ಣೆಯಲ್ಲಿ ಕರಗುವುದೂ ಇಲ್ಲ, ತಾನೇ ಇನ್ನೊಂದು ಕಸವಾಗಿ ಫಿಲ್ಟರಿಗೆ ಹೋಗುತ್ತದೆ. ಕಣದ ಆವೇಶದ ಬಲವನ್ನು ತೋರಿಸುವ ಜೀಟಾ ಪೊಟೆನ್ಷಿಯಲ್ 30 ಮಿಲಿವೋಲ್ಟ್ ದಾಟಿದರೆ ಸ್ಥಿರ ಎಂಬ ನಿಯಮವೂ ನೀರಿನದೇ; ಎಣ್ಣೆಯ ಮಾದರಿಗೆ ಅದನ್ನು ಅಳತೆಗೋಲಾಗಿ ಹಿಡಿದ ವರದಿಯನ್ನು ಕಂಡರೆ ಎಚ್ಚರದಿಂದ ಓದುವುದು ಒಳ್ಳೆಯದು.

ಎಣ್ಣೆಯಲ್ಲಿ ನಡೆಯುವುದು ಬಾಲದ ಆಟ. ಅಣುವಿನ ತಲೆ ಇಂಗಾಲಕ್ಕೆ ಕಚ್ಚಿಕೊಳ್ಳಬೇಕು, ಎಣ್ಣೆಗೆ ಒಗ್ಗುವ ಉದ್ದ ಬಾಲ ಹೊರಗೆ ಚಾಚಿರಬೇಕು. ಎರಡು ಕಣ ಎದುರಾದಾಗ ಬಾಲಗಳು ತೊಡರಿ ಅಂತರ ಕಾಯುತ್ತವೆ.

ಓಲಿಯಿಕ್ ಆಮ್ಲವನ್ನು ನೋಡೋಣ. ಅಗ್ಗ, ಎಲ್ಲೆಡೆ ಸಿಗುತ್ತದೆ. ಹೊಂಗೆ, ಶೇಂಗಾ ಎಣ್ಣೆಗಳಲ್ಲಿ ಹೇರಳವಾಗಿರುವ ಕೊಬ್ಬಿನಾಮ್ಲವೂ ಇದೇ. 18 ಇಂಗಾಲದ ಬಾಲ, ನೇರ ನಿಂತರೆ 2 ನ್ಯಾನೊಮೀಟರ್. ಎರಡು ಕಣಗಳ ಕೋಟು ಸೇರಿದರೆ 4 ನ್ಯಾನೊಮೀಟರ್ ಅಂತರ. ಐದಾರು ನ್ಯಾನೊಮೀಟರಿನ ನ್ಯಾನೊವಜ್ರದ ಕಣಕ್ಕೆ ಇಷ್ಟು ಧಾರಾಳವಾಯಿತು. ಅದರ ಮೇಲ್ಮೈಯಲ್ಲಿ ಆಮ್ಲಜನಕದ ಗುಂಪುಗಳೂ ಇರುವುದರಿಂದ ಆಮ್ಲದ ತಲೆಗೆ ಹಿಡಿತ ಸಿಗುತ್ತದೆ. ಗ್ರಾಫೀನ್ ಹಾಳೆಯ ಕಥೆ ಬೇರೆ. ಹಾಳೆಯ ಬಯಲು ಪೂರ್ತಿ ಧ್ರುವರಹಿತ, ಆಮ್ಲಕ್ಕೆ ಕಚ್ಚಲು ಗುಂಪುಗಳಿರುವುದು ಅಂಚಿನಲ್ಲಿ ಮತ್ತು ಸೀಳಿದ ಜಾಗಗಳಲ್ಲಿ. ಬಯಲಿನ ಮೇಲೆ ಬಾಲ ನಿಲ್ಲುವುದಿಲ್ಲ, ಅಡ್ಡ ಮಲಗುತ್ತದೆ, ಹಿಡಿತವೂ ಸಡಿಲ. ಕೋಣೆಯ ಉಷ್ಣತೆಯಲ್ಲಿ ತಿಂಗಳುಗಟ್ಟಲೆ ಕಪ್ಪಾಗಿಯೇ ನಿಂತ ಶೀಸೆ, 70–80 ಡಿಗ್ರಿ ಒಲೆಯಲ್ಲಿಟ್ಟಾಗ ಮೇಲೆ ತಿಳಿಪಟ್ಟಿ ಬಿಡಲು ಶುರುಮಾಡುವುದು ಇದಕ್ಕೇ. ಬಿಸಿಗೆ ಅಣುಗಳು ಕಳಚಿಕೊಳ್ಳುತ್ತವೆ, ಎಣ್ಣೆಯೂ ತೆಳುವಾಗಿ ಕಣಗಳ ಓಡಾಟ ಹೆಚ್ಚುತ್ತದೆ.

ಪ್ರಮಾಣದ ಲೆಕ್ಕವನ್ನು ಅಂದಾಜಿಗೆ ಬಿಡಬೇಕಾಗಿಲ್ಲ. ನಿಂತ ಓಲಿಯಿಕ್ ಅಣುವಿಗೆ 0.4 ಚದರ ನ್ಯಾನೊಮೀಟರ್ ಜಾಗ ಎಂದರೆ 300 ಚದರ ಮೀಟರ್ ಹೊದಿಸಲು 7.5×10²⁰ ಅಣು, ಅಂದರೆ ಪ್ರತಿ ಗ್ರಾಂ ಪುಡಿಗೆ 0.35 ಗ್ರಾಂ. ನಮ್ಮ 87 ಗ್ರಾಂಗೆ 31 ಗ್ರಾಂ. ಕಳಚಿ ಎಣ್ಣೆಯಲ್ಲೇ ಉಳಿಯುವ ಪಾಲಿಗೂ ಸೇರಿಸಿ ಒಂದಕ್ಕೊಂದು ಹಾಕಿದರೆ 87 ಗ್ರಾಂ. ಓಲಿಯಿಕ್ ಆಮ್ಲದ ಆಮ್ಲಸಂಖ್ಯೆ, ಅಂದರೆ ಅದನ್ನು ತಟಸ್ಥಗೊಳಿಸಲು ಬೇಕಾದ ಕ್ಷಾರದ ಅಳತೆ, ಗ್ರಾಂಗೆ 199 ಮಿಲಿಗ್ರಾಂ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್). ಶೇ. 0.05 ಹಾಕಿದಾಗ ಎಣ್ಣೆಯ ಆಮ್ಲಸಂಖ್ಯೆ 0.1 ಏರುತ್ತದೆ, ಅದು ಸಹ್ಯ. ಗಸಿ ಕಂಡು ಗಾಬರಿಯಾಗಿ ಹತ್ತುಪಟ್ಟು ಸುರಿದರೆ 1.0 ಏರುತ್ತದೆ. ಆಗ ಎಣ್ಣೆ ಪರೀಕ್ಷೆಯ ವರದಿ ಹೊಚ್ಚಹೊಸ ಎಣ್ಣೆಯನ್ನೇ ಹಳತು ಎಂದು ತೋರಿಸುತ್ತದೆ. ಪಿಸ್ಟನ್ ಪಂಪಿನ ಕಂಚಿನ ಭಾಗಗಳ ಮೇಲೆ ತಾಮ್ರದ ಸೋಪು ಕಟ್ಟುತ್ತದೆ. ಎಣ್ಣೆಯಲ್ಲಿ ಕ್ಯಾಲ್ಸಿಯಂ ಡಿಟರ್ಜೆಂಟಿದ್ದು ತುಸು ನೀರೂ ಸೇರಿದರೆ ಕ್ಯಾಲ್ಸಿಯಂ ಸೋಪಿನ ಲೋಳೆ ಫಿಲ್ಟರ್ ಮುಚ್ಚುತ್ತದೆ. ಆ ಲೋಳೆಯಲ್ಲಿ ಇಂಗಾಲವೂ ಸಿಕ್ಕಿಕೊಂಡಿರುವುದರಿಂದ ಬೈಗುಳ ಬೀಳುವುದು ಗ್ರಾಫೀನಿಗೆ. ತಾಮ್ರದ ಪಟ್ಟಿಯ ಪರೀಕ್ಷೆಯನ್ನು, ಅಂದರೆ ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂನ ಡಿ130 ವಿಧಾನವನ್ನು 100 ಡಿಗ್ರಿಯಲ್ಲಿ 3 ತಾಸು ಮಾಡಿ ನೋಡದೆ ಕೊಬ್ಬಿನಾಮ್ಲವನ್ನು ಪಿಸ್ಟನ್ ಪಂಪಿನ ಹತ್ತಿರ ಒಯ್ಯಬಾರದು.

ಸ್ಪ್ಯಾನ್ 80, ಅಂದರೆ ಸಾರ್ಬಿಟಾನ್ ಮೊನೊಓಲಿಯೇಟ್, ಆಮ್ಲವಲ್ಲ. ಎಚ್‌ಎಲ್‌ಬಿ, ಅಂದರೆ ನೀರಿಗೋ ಎಣ್ಣೆಗೋ ಒಲವು ಎಂದು ಹೇಳುವ ಅಂಕ, 4.3; ಎಣ್ಣೆಯಲ್ಲಿ ಸಲೀಸಾಗಿ ಬೆರೆಯುತ್ತದೆ, ತಾಮ್ರಕ್ಕೆ ತೊಂದರೆ ಕಡಿಮೆ. ಬಾಲ ಮಾತ್ರ ಅದೇ ಓಲಿಯಿಕ್ ಬಾಲ, ಅಂತರವೂ ಅಷ್ಟೇ. ಮೇಲಾಗಿ ನೀರನ್ನು ಎಣ್ಣೆಯಲ್ಲಿ ಹಿಡಿದಿಡಲೆಂದೇ ಮಾರುವ ಎಮಲ್ಸಿಫೈಯರ್ ಇದು. ಹೈಡ್ರಾಲಿಕ್ ಟ್ಯಾಂಕಿಗೆ ಕೇಳಿ ತರಿಸಿಕೊಂಡ ಕಾಟ ಎನ್ನಬೇಕು.

ಉಳಿದದ್ದು ಪಾಲಿಐಸೊಬ್ಯುಟಿಲೀನ್ ಸಕ್ಸಿನಿಮೈಡ್. ಇದರ ಬಗ್ಗೆ ತುಸು ನಿಧಾನವಾಗಿ ಹೇಳಬೇಕು, ಏಕೆಂದರೆ ಇಂಗಾಲದ ನ್ಯಾನೊಕಣವನ್ನು ಎಣ್ಣೆಯಲ್ಲಿ ಹಿಡಿದಿಡುವ ಜಗತ್ತಿನ ಅತಿ ದೊಡ್ಡ ಪ್ರಯೋಗ ದಶಕಗಳಿಂದ ಡೀಸೆಲ್ ಎಂಜಿನಿನಲ್ಲಿ ನಡೆಯುತ್ತಿದೆ. ಡೀಸೆಲ್ ಮಸಿಯ ಮೂಲಕಣ 20ರಿಂದ 40 ನ್ಯಾನೊಮೀಟರ್. ಹೊಗೆಯ ಒಂದು ಪಾಲನ್ನು ಮರಳಿ ಎಂಜಿನಿಗೇ ಊಡುವ ಇಜಿಆರ್ ಪದ್ಧತಿ ಬಂದ ಮೇಲೆ ಎಣ್ಣೆಗೆ ಸೇರುವ ಮಸಿ ಹೆಚ್ಚಿತು. 2002ರಲ್ಲಿ ಬಂದ, ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ ಎಪಿಐ ಸಿಐ-4 ಎಂಬ ಎಂಜಿನ್ ಎಣ್ಣೆಯ ದರ್ಜೆ ಅಂಥ ಎಂಜಿನ್‌ಗಳಿಗಾಗಿಯೇ ರೂಪುಗೊಂಡದ್ದು. ಆ ಮಸಿ ಗಂಟುಕಟ್ಟಿ ಎಣ್ಣೆಯನ್ನು ಗಟ್ಟಿ ಮಾಡದಂತೆ ನೋಡಿಕೊಳ್ಳುವುದು ಈ ಸಕ್ಸಿನಿಮೈಡ್. ಅದರ ತಲೆಯಲ್ಲಿ ಅಮೈನ್ ಗುಂಪುಗಳಿವೆ, ಮಸಿಯ ಮೇಲಿನ ಆಮ್ಲೀಯ ಗುಂಪುಗಳನ್ನು ಹಿಡಿಯುತ್ತವೆ. ಒಂದಲ್ಲ, ಹಲವು ಕಡೆ ಹಿಡಿಯುವುದರಿಂದ ಬಿಸಿಗೂ ಸುಲಭಕ್ಕೆ ಬಿಡುವುದಿಲ್ಲ. ಅಣುತೂಕ 2300ರ ಪಾಲಿಐಸೊಬ್ಯುಟಿಲೀನ್ ಬಾಲವನ್ನು ಪೂರ್ತಿ ಚಾಚಿದರೆ 10 ನ್ಯಾನೊಮೀಟರಿನಷ್ಟು. ಸುರುಳಿಯಾಗಿದ್ದರೂ ಎರಡು ಕಣಗಳ ನಡುವೆ 10 ನ್ಯಾನೊಮೀಟರ್ ಅಂತರ ಉಳಿಯುತ್ತದೆ ಎಂದುಕೊಂಡರೆ, ಓಲಿಯಿಕ್‌ನ 4ಕ್ಕೆ ಹೋಲಿಸಿ ಎರಡೂವರೆ ಪಟ್ಟಾಯಿತು. ಚಪ್ಪಟೆ ಹಾಳೆಗಳ ನಡುವಿನ ವಾನ್ ಡರ್ ವಾಲ್ಸ್ ಸೆಳೆತ ಅಂತರದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಸೆಳೆತ ಆರರಲ್ಲಿ ಒಂದು ಪಾಲಿಗೆ ಬರುತ್ತದೆ.

ಒಂದು ತೊಡಕಿದೆ. ಮಸಿಗೆ ಒಗ್ಗಿದ್ದು ಶುದ್ಧ ಗ್ರಾಫೀನಿಗೂ ಅಷ್ಟೇ ಒಗ್ಗುತ್ತದೆ ಎಂದಿಲ್ಲ. ಮಸಿ ಅರೆಸುಟ್ಟ ಸರಕು, ಮೈತುಂಬ ಆಮ್ಲಜನಕದ ಗುಂಪುಗಳು. ತಯಾರಕರು ಹೆಮ್ಮೆಯಿಂದ ಆಮ್ಲಜನಕ ಶೇ. 1ಕ್ಕಿಂತ ಕಡಿಮೆ ಎಂದು ಬರೆದ ಗ್ರಾಫೀನ್ ಪುಡಿಯಲ್ಲಿ ಅಮೈನಿಗೆ ಹಿಡಿಯಲು ಜಾಗವೇ ವಿರಳ. ಎಣ್ಣೆಗೆ ಬೆರೆಸುವುದಾದರೆ ಅಂಚಿನಲ್ಲಿ ತುಸು ಆಮ್ಲಜನಕ ಉಳಿದ ಅಗ್ಗದ ದರ್ಜೆಯೇ ವಾಸಿ.

ಬೆರೆಸುವ ಕ್ರಮದಲ್ಲಿ ಎಡವುವವರೇ ಹೆಚ್ಚು. ಪುಡಿಯನ್ನು ನೇರ 200 ಲೀಟರಿಗೆ ಸುರಿಯಬಾರದು, ರಾಗಿ ಹಿಟ್ಟನ್ನು ಕುದಿನೀರಿಗೆ ಒಮ್ಮೆಲೇ ಸುರಿದರೆ ಗಂಟಾಗುವ ಹಾಗೇ ಆಗುತ್ತದೆ. ಮೊದಲು ಶೇ. 1ರ ಮಂದ ಮಿಶ್ರಣ ಮಾಡಬೇಕು: 8.7 ಕಿಲೊಗೆ 87 ಗ್ರಾಂ ಪುಡಿ. ಸಕ್ಸಿನಿಮೈಡ್ ಮಾರುಕಟ್ಟೆಗೆ ಬರುವುದು ಅರ್ಧದಷ್ಟು ಎಣ್ಣೆಯಲ್ಲಿ ಕರಗಿದ ಜೇನಿನಂಥ ದ್ರವವಾಗಿ, ಹಾಗಾಗಿ ಒಂದಕ್ಕೊಂದು ಹಾಕಲು 174 ಗ್ರಾಂ ತೂಗಬೇಕು. ಎಣ್ಣೆಯನ್ನು 60 ಡಿಗ್ರಿಗೆ ಕಾಯಿಸಿ ಅದನ್ನು ಅರ್ಧ ತಾಸು ಕಲಕಿ ಪೂರ್ತಿ ಕರಗಿಸಿಕೊಂಡು, ಆಮೇಲೆ ಪುಡಿಯನ್ನು ಚೂರುಚೂರೇ ಉದುರಿಸಬೇಕು. ಒಣಪುಡಿ ಉಸಿರಿಗೆ ಹೋಗಬಾರದು: ಎನ್95 ಮಾಸ್ಕ್, ಫ್ಯಾನ್ ಬಂದ್, ಚೆಲ್ಲಿದ್ದನ್ನು ಪೊರಕೆಯಿಂದಲ್ಲ, ಎಣ್ಣೆಬಟ್ಟೆಯಿಂದ ಒರೆಸಬೇಕು. ನಂತರ ಅರ್ಧರ್ಧ ಲೀಟರಿನಂತೆ 20 ಕಿಲೊಹರ್ಟ್ಸ್ ಪ್ರೋಬಿನಡಿ, 5 ಸೆಕೆಂಡ್ ನಡೆಸಿ 5 ಸೆಕೆಂಡ್ ನಿಲ್ಲಿಸುತ್ತ, 70 ಡಿಗ್ರಿ ದಾಟದಂತೆ ತಣ್ಣೀರಿನ ತೊಟ್ಟಿಯಲ್ಲಿಟ್ಟು ಬಿಡಿಸಬೇಕು. ಹೆಚ್ಚು ಹೊತ್ತು ನಡೆಸಿದಷ್ಟೂ ಒಳ್ಳೆಯದೆಂಬುದು ತಪ್ಪು: ಹಾಳೆಗಳು ತುಂಡಾಗುತ್ತವೆ, ಎಣ್ಣೆ ಸುಡುತ್ತದೆ, ಪ್ರೋಬಿನ ತುದಿಯ ಟೈಟಾನಿಯಂ ತಾನೇ ಸವೆದು ಎಣ್ಣೆಗೆ ಸೇರುತ್ತದೆ.

ಮಂದ ಮಿಶ್ರಣ ಚೆನ್ನಾಗಿ ಬಂತೆಂದು ನೇರವಾಗಿ ಇಪ್ಪತ್ತು ಪಟ್ಟು ಎಣ್ಣೆಗೆ ಸುರಿದರೆ ಅಲ್ಲೊಂದು ಪೆಟ್ಟು ಕಾದಿದೆ. ಕಣದ ಮೇಲಿರುವ ಸರ್ಫ್ಯಾಕ್ಟಂಟಿಗೂ ಎಣ್ಣೆಯಲ್ಲಿ ಬಿಡಿಯಾಗಿರುವುದಕ್ಕೂ ಒಂದು ಸಮತೋಲ ಇರುತ್ತದೆ. ಒಮ್ಮೆಲೇ ತೆಳುವಾಗಿಸಿದಾಗ ಬಿಡಿ ಪಾಲು ಕುಸಿಯುತ್ತದೆ, ಅದನ್ನು ತುಂಬಿಕೊಡಲು ಕಣದ ಮೇಲಿದ್ದದ್ದು ಕಳಚುತ್ತದೆ, ಮೈ ಬರಿದಾದ ಕಣಗಳು ಗಂಟಾಗುತ್ತವೆ. ಮೊದಲು ಸಮಪಾಲು, ಆಮೇಲೆ ನಾಲ್ಕು ಪಾಲು, ಕೊನೆಗೆ ಉಳಿದ ಎಣ್ಣೆ, ಎಲ್ಲವೂ 50–60 ಡಿಗ್ರಿಯಲ್ಲಿ. ಸೇರಿಸುವ ಎಣ್ಣೆಗೂ, ಆ 174 ಗ್ರಾಂನಿಂದಲೇ ಉಳಿಸಿಕೊಂಡು, ತುಸು ಸಕ್ಸಿನಿಮೈಡ್ ಮೊದಲೇ ಬೆರೆಸಿರಬೇಕು. ಓಲಿಯಿಕ್ ಆಮ್ಲದಲ್ಲಿ ಈ ಪೆಟ್ಟು ಇನ್ನೂ ಜೋರು, ಏಕೆಂದರೆ ಅದರ ಹಿಡಿತವೇ ಸಡಿಲ.

ಕಾರ್ಖಾನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ, ಅದಕ್ಕೆ ಬೇಕಾಗುವುದು ಒಂದು ಫಿಲ್ಟರ್ ಪೇಪರ್. 80 ಡಿಗ್ರಿಗೆ ಕಾಯಿಸಿದ ಎಣ್ಣೆಯ ಒಂದು ಹನಿಯನ್ನು ಪೇಪರಿನ ಮೇಲೆ ಬಿಟ್ಟು, ಪೇಪರ್ ಕೆಳಗಿನ ಯಾವುದಕ್ಕೂ ತಾಗದಂತೆ ಇಟ್ಟು ಮರುದಿನ ನೋಡಬೇಕು. ಇಂಗಾಲ ಎಣ್ಣೆಯ ಜೊತೆಗೇ ಅಂಚಿನವರೆಗೆ ಹರಡಿ ಒಂದೇ ಬೂದುಬಣ್ಣವಾಗಿದ್ದರೆ ಸರ್ಫ್ಯಾಕ್ಟಂಟ್ ಹಿಡಿದಿದೆ. ನಡುವೆ ಕಪ್ಪು ಬಿಲ್ಲೆ ನಿಂತು ಸುತ್ತ ಬರೀ ಎಣ್ಣೆಯ ಉಂಗುರ ಹರಡಿದ್ದರೆ ಗಂಟಾಗಿದೆ. ಡೀಸೆಲ್ ಎಂಜಿನ್ ಎಣ್ಣೆಗೆ ಬಳಸುವ ಹಳೆಯ ಉಪಾಯವಿದು, ಬೆಲೆಬಾಳುವ ಉಪಕರಣಗಳು ಹೇಳುವುದಕ್ಕಿಂತ ಮೊದಲೇ ಸತ್ಯ ಹೇಳಿದ್ದುಂಟು. ಮಾದರಿಯನ್ನು ವಾರ ಕಾಲ 80 ಡಿಗ್ರಿಯಲ್ಲಿಟ್ಟು, ಮೇಲಿನ ಮೂರನೇ ಒಂದು ಪಾಲಿನಿಂದ ಹನಿ ತೆಗೆದರೆ ಮಾತ್ರ ಇದಕ್ಕೆ ಅರ್ಥ.

ಇನ್ನು ಸವೆತ. ಮೂರು ಉಕ್ಕಿನ ಗುಂಡುಗಳ ಮೇಲೆ ನಾಲ್ಕನೆಯದನ್ನು ಒತ್ತಿ ತಿರುಗಿಸುವ ಫೋರ್‌ಬಾಲ್ ಯಂತ್ರದಲ್ಲಿ ಎಎಸ್‌ಟಿಎಂ ಡಿ4172 ಪ್ರಕಾರ 40 ಕಿಲೊ ಭಾರ, 1200 ಆರ್‌ಪಿಎಂ, 75 ಡಿಗ್ರಿ, 60 ನಿಮಿಷ. ಕೆಳಗಿನ ಮೂರು ಗುಂಡುಗಳ ಗಾಯದ ವ್ಯಾಸದ ಸರಾಸರಿಯೇ ಉತ್ತರ. ಇಲ್ಲಿ ಎರಡು ಮೋಸ ಅಡಗಿವೆ. ಮೊದಲನೆಯದು, ಒಂದೇ ಯಂತ್ರ, ಒಂದೇ ಕೈ, ಒಂದೇ ಎಣ್ಣೆ ಇದ್ದರೂ ಎರಡು ಓಟಗಳ ನಡುವೆ 0.12 ಮಿಲಿಮೀಟರ್ ವ್ಯತ್ಯಾಸ ಬರಬಹುದೆಂದು ಆ ವಿಧಾನವೇ ಒಪ್ಪಿಕೊಳ್ಳುತ್ತದೆ. ಗಾಯ 0.50ರಿಂದ 0.45ಕ್ಕೆ ಇಳಿಯಿತು, ಶೇ. 10 ಲಾಭ ಎನ್ನುವ ಜಾಹೀರಾತಿಗೆ ಅಲ್ಲೇ ಬೆಲೆ ಕಟ್ಟಬಹುದು. ಎರಡನೆಯದು ಇನ್ನೂ ಸೂಕ್ಷ್ಮ. ಓಲಿಯಿಕ್ ಆಮ್ಲವೇ ಉಕ್ಕಿಗೆ ಅಂಟಿ ಘರ್ಷಣೆ ತಗ್ಗಿಸುವ ವಸ್ತು. ಎಂಜಿನ್ ಎಣ್ಣೆಗಳಲ್ಲಿ ಘರ್ಷಣೆ ತಗ್ಗಿಸಲೆಂದೇ ಹಾಕುವ ಗ್ಲಿಸರಾಲ್ ಮೊನೊಓಲಿಯೇಟ್ ಸ್ಪ್ಯಾನ್ 80ಕ್ಕೆ ತೀರ ಹತ್ತಿರದ ನೆಂಟ. ಗ್ರಾಫೀನಿನದೆಂದು ಬರೆದುಕೊಂಡ ಲಾಭ ಪೂರ್ತಿ ಸರ್ಫ್ಯಾಕ್ಟಂಟಿನದೇ ಆಗಿರಬಹುದು. ಬರಿ ಎಣ್ಣೆ, ಎಣ್ಣೆಗೆ ಸರ್ಫ್ಯಾಕ್ಟಂಟ್ ಮಾತ್ರ, ಎಣ್ಣೆಗೆ ಪುಡಿ ಮಾತ್ರ, ಎಣ್ಣೆಗೆ ಎರಡೂ: ಈ ನಾಲ್ಕನ್ನೂ ಓಡಿಸದ ಪ್ರಯೋಗ ಅರ್ಧ ಪ್ರಯೋಗ. ಪುಡಿ ಮಾತ್ರ ಇರುವ ಎಣ್ಣೆಯನ್ನು ಬೆರೆಸಿದ ಕೂಡಲೇ ಓಡಿಸಿದರೆ ಅದೂ ಒಳ್ಳೆಯ ಅಂಕ ಪಡೆದೀತು, 60 ನಿಮಿಷದಲ್ಲಿ ಗಂಟುಗಳು ತಳ ಸೇರಿರುವುದಿಲ್ಲವಲ್ಲ.

ಶೀಸೆಯಲ್ಲಿ ಗೆದ್ದದ್ದು ಲೋಹದ ಮೇಲೂ ಗೆಲ್ಲಬೇಕೆಂದಿಲ್ಲ, ಈ ಪ್ರಕರಣದ ತಿರುಳು ಇದೇ. ಗ್ರಾಫೀನ್ ಕೆಲಸ ಮಾಡಬೇಕಾದರೆ ಹಾಳೆ ಉಕ್ಕಿಗೆ ಅಂಟಿ, ಉಜ್ಜುವ ಜಾಗದಲ್ಲಿ ಪದರ ಕಟ್ಟಬೇಕು. ಒಂದು ಹಾಳೆ ಇನ್ನೊಂದಕ್ಕೆ ಅಂಟದಂತೆ ತಡೆಯುವ ಬಾಲಗಳೇ ಹಾಳೆ ಉಕ್ಕಿಗೆ ಅಂಟುವುದನ್ನೂ ತಡೆಯುತ್ತವೆ. ಮಿಕ್ಕ ಸರ್ಫ್ಯಾಕ್ಟಂಟ್ ತಾನೇ ಹೋಗಿ ಉಕ್ಕಿನ ಮೇಲೆ ಕೂರುತ್ತದೆ, ಜೆಡ್‌ಡಿಡಿಪಿ ಕಟ್ಟಬೇಕಿದ್ದ 50ರಿಂದ 150 ನ್ಯಾನೊಮೀಟರ್ ದಪ್ಪದ ಫಾಸ್ಫೇಟ್ ಪದರಕ್ಕೆ ಜಾಗ ಕಸಿಯುತ್ತದೆ. ಸಕ್ಸಿನಿಮೈಡಿನ ಅಮೈನಂತೂ ಎಣ್ಣೆಯಲ್ಲೇ ಜೆಡ್‌ಡಿಡಿಪಿಯ ಸತುವನ್ನು ಹಿಡಿದುಕೊಂಡು ಅದನ್ನು ಮಂಕಾಗಿಸುತ್ತದೆ. ಜೊತೆಗೆ ಆರೂವರೆ ಎಕರೆ ಇಂಗಾಲ ತನ್ನ ಪಾಲು ಕೇಳುತ್ತದೆ. ಜೆಡ್‌ಡಿಡಿಪಿ ಪೂರ್ತಿ ಖಾಲಿಯಾಗುವಷ್ಟು ಇಲ್ಲಿ ಇಂಗಾಲವಿಲ್ಲ, ನಿಜ. ಆದರೂ ಮೊದಲೇ ಚೆನ್ನಾಗಿ ದುಡಿಯುತ್ತಿದ್ದ ಒಂದು ರಕ್ಷಣೆಯನ್ನು ಸಡಿಲಿಸಿ ಇನ್ನೊಂದನ್ನು ತಂದು ನಿಲ್ಲಿಸಿದಂತಾಗುತ್ತದೆ. ಸರ್ಫ್ಯಾಕ್ಟಂಟನ್ನು ಏರಿಸುತ್ತ ಹೋದಂತೆ ಗಾಯದ ವ್ಯಾಸ ಮೊದಲು ಇಳಿದು, ಒಂದು ಹಂತ ದಾಟಿದ ಮೇಲೆ ಮತ್ತೆ ಏರತೊಡಗುವುದಕ್ಕೆ ಕಾರಣ ಇದೇ. ಪುಡಿಯ ತೂಕದ ಅರ್ಧದಿಂದ ಸಮಪಾಲಿನೊಳಗೆ ಹುಡುಕಬೇಕು, ಅದರಾಚೆ ಹೋಗಬಾರದು.

ಸಕ್ಸಿನಿಮೈಡನ್ನು ಆ ಮಿತಿಯೊಳಗೇ ಇಟ್ಟು ಬೆರೆಸಿದರೂ ಈ ಪ್ರೆಸ್ಸಿಗೆ ಸಲ್ಲದು ಎಂದದ್ದು ನೀರಿನ ಕಾರಣಕ್ಕೆ. ಎಂಜಿನ್ ಎಣ್ಣೆ ಕೊಳೆಯನ್ನೂ ನೀರನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಡ್ರೈನ್ ಮಾಡುವಾಗ ಹೊರಹೋಗಬೇಕು. ಹೈಡ್ರಾಲಿಕ್ ಎಣ್ಣೆ ಅದಕ್ಕೆ ತದ್ವಿರುದ್ಧ: ನೀರನ್ನು ಬಿಟ್ಟುಕೊಡಬೇಕು, ಅದು ಟ್ಯಾಂಕಿನ ತಳಕ್ಕಿಳಿದು ಡ್ರೈನ್ ಕಾಕಿನಿಂದ ಹೊರಬರಬೇಕು. ಎಎಸ್‌ಟಿಎಂ ಡಿ1401ರಲ್ಲಿ 40 ಮಿಲಿ ಎಣ್ಣೆ, 40 ಮಿಲಿ ನೀರನ್ನು 54 ಡಿಗ್ರಿಯಲ್ಲಿ 5 ನಿಮಿಷ ಕಲಕಿ ಬಿಟ್ಟರೆ ಒಳ್ಳೆಯ ವಿಜಿ 68 ಎಣ್ಣೆ ಅರ್ಧ ತಾಸಿನೊಳಗೆ ಬೇರ್ಪಡುತ್ತದೆ. ಸಕ್ಸಿನಿಮೈಡಿನಂಥ ಡಿಸ್ಪರ್ಸೆಂಟ್, ಅಂದರೆ ಕೊಳೆಯನ್ನು ಬಿಡಿಬಿಡಿಯಾಗಿ ಹಿಡಿದಿಡುವ ವಸ್ತು, ಸೇರಿದ ಎಣ್ಣೆ ಕೆನೆಯಂತೆ ನಿಂತುಬಿಡುತ್ತದೆ. ಜರ್ಮನಿಯ ಡಿಐಎನ್ ಗುರುತಿನಲ್ಲಿ ನೀರು, ಕೊಳೆ ಹಿಡಿದಿಡುವ ಹೈಡ್ರಾಲಿಕ್ ಎಣ್ಣೆಗೆ ಎಚ್‌ಎಲ್‌ಪಿಡಿ ಎಂಬ ಬೇರೆ ಹೆಸರೇ ಇದೆ, ಅದನ್ನು ಬಳಸುವ ಜಾಗಗಳೂ ಬೇರೆ. ಇಲ್ಲಿ ಗೊತ್ತಿಲ್ಲದೆಯೇ ಎಣ್ಣೆ ಆ ಕಡೆಗೆ ವಾಲುತ್ತದೆ. ನೊರೆಯೂ ಕಾಡುತ್ತದೆ, ಎಎಸ್‌ಟಿಎಂ ಡಿ892ನ್ನು ಬೆರೆಸುವ ಮೊದಲು, ಬೆರೆಸಿದ ಮೇಲೆ ಎರಡೂ ಸಲ ಮಾಡಿಸಬೇಕು.

ಇನ್ನೊಂದು ತಾಪತ್ರಯ ಯಾರೂ ಮುಂಚೆ ಯೋಚಿಸುವುದಿಲ್ಲ. ಎಣ್ಣೆ ಮಸಿಯಂತೆ ಕಪ್ಪಾದ ಮೇಲೆ ಬೆಳಕು ಹಾಯಿಸಿ ಕಣ ಎಣಿಸುವ ಯಂತ್ರ ಕೈಕಟ್ಟಿ ಕೂರುತ್ತದೆ. ಐಎಸ್‌ಒ 4406 ಶುಚಿತ್ವ ಸಂಖ್ಯೆಯನ್ನು ನಂಬಿ ನಿರ್ವಹಣೆ ಮಾಡುವ ಕಾರ್ಖಾನೆಗೆ ಇದು ಕಣ್ಣು ಕಟ್ಟಿದ ಹಾಗೆ; ಸೈಟ್ ಗ್ಲಾಸಿನಲ್ಲಿ ನೀರು, ಲೋಹದ ಚೂರು ಏನೂ ಕಾಣದು. 3 ಮೈಕ್ರಾನ್ ಫಿಲ್ಟರೂ ಸರ್ವೊ ವಾಲ್ವೂ ಇರುವ ವ್ಯವಸ್ಥೆಯಾದರೆ ಚರ್ಚೆಗೇ ಎಡೆಯಿಲ್ಲ, ಬೇಡ. ಈ ಪುಡಿಗೆ ಯೋಗ್ಯ ಜಾಗ ಬೇಕೆಂದರೆ ಫಿಲ್ಟರಿಲ್ಲದ, ನೀರು ಸೇರದ, ಎಣ್ಣೆ ತಾನೇ ಚಿಮ್ಮಿ ನಯಮಾಡುವ ಮುಚ್ಚಿದ ಗೇರ್‌ಬಾಕ್ಸ್.

ಈಗಾಗಲೇ ಸುರಿದಾಗಿದ್ದರೆ ಮಾಡಬೇಕಾದ್ದು ಇಷ್ಟು. ಎಣ್ಣೆಯನ್ನು 50–60 ಡಿಗ್ರಿಗೆ ಬರುವವರೆಗೆ ಓಡಿಸಿ, ಸಿಲಿಂಡರುಗಳನ್ನು ಪೂರ್ತಿ ಒಳಕ್ಕೆ ತಂದು, ಬಿಸಿಯಿದ್ದಾಗಲೇ ಡ್ರೈನ್ ಮಾಡಬೇಕು. ತಣಿದರೆ ಇಂಗಾಲ ಮೂಲೆಗಳಲ್ಲೇ ಉಳಿಯುತ್ತದೆ. ಟ್ಯಾಂಕಿನ ತಳವನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ಫಿಲ್ಟರ್ ಬದಲಿಸಿ, ಡಿಸ್ಪರ್ಸೆಂಟ್ ಇಲ್ಲದ ಅದೇ ದರ್ಜೆಯ ಎಣ್ಣೆ ತುಂಬಿ ಎಲ್ಲ ಸಿಲಿಂಡರುಗಳನ್ನೂ ಪೂರ್ತಿ ಉದ್ದಕ್ಕೆ ಆಡಿಸಬೇಕು. ಪೈಪು, ಸಿಲಿಂಡರಿನಲ್ಲಿ ಪ್ರತಿ ಸಲ ಶೇ. 15ರಷ್ಟು ಹಳೆ ಎಣ್ಣೆ ಉಳಿಯುತ್ತದೆಂದರೆ 87 ಗ್ರಾಂ ಇಂಗಾಲ ಮೊದಲ ಡ್ರೈನಿಗೆ 13 ಗ್ರಾಂಗೆ, ಫ್ಲಶ್ ಎಣ್ಣೆ ತೆಗೆದಾಗ 2 ಗ್ರಾಂಗೆ ಇಳಿಯುತ್ತದೆ. ತೆಗೆದ ಎಣ್ಣೆ ಮಾನ್ಯತೆ ಪಡೆದ ಮರುಬಳಕೆದಾರರಿಗೇ ಹೋಗಬೇಕು. ಹೊಸ ಎಣ್ಣೆ ತುಂಬಿದ ಮೇಲೆ ಫಿಲ್ಟರಿನ ಡಿಫರೆನ್ಷಿಯಲ್ ಪ್ರೆಶರ್ ಸೂಚಕವನ್ನು ಪ್ರತಿ ಪಾಳಿಯಲ್ಲೂ ಬರೆದಿಡಬೇಕು. ಹಿಂದೆ ಗೋಡೆಗೆ ಅಂಟಿದ್ದ ಗಂಟುಗಳು ಈಗ ಕಳಚಿ ಬರುವುದರಿಂದ ಮೊದಲ ಫಿಲ್ಟರ್ ಬೇಗ ಮುಚ್ಚುವುದು ಸಹಜ, ಬೈಪಾಸ್ ವಾಲ್ವ್ ತೆರೆಯುವ ಮುನ್ನ ಅದನ್ನು ಬದಲಿಸಬೇಕು.